ನಿಲ್ಲಬಾರದ ಬೀದಿ

ನಮ್ಮೂರಿನ ಬೀದಿಗಳಲ್ಲಿ ಯಾರೂ ನಿಲ್ಲುವುದಿಲ್ಲ. ಮನೆಯೊಳಗೆ ನಿಲ್ಲಬಹುದು, ಅಂಗಡಿಯ ಕಟ್ಟೆಯ ಮೇಲೆ ಕೂರಬಹುದು, ಶಾಲೆಯ ಅಂಗಳದಲ್ಲಿ ಮಲಗಿ ನಿದ್ದೆ ಹೊಡೆದರೂ ಏನೂ ಆಗುವುದಿಲ್ಲ. ಬೀದಿಗೆ ಇಳಿದ ಮೇಲೆ ಮಾತ್ರ ಕಾಲು ಆಡುತ್ತಲೇ ಇರಬೇಕು. ಗುರುತಿನವರು ಎದುರಾದರೆ ಒಬ್ಬರ ಸುತ್ತ ಒಬ್ಬರು ಸುತ್ತುತ್ತ ಕ್ಷೇಮಸಮಾಚಾರ ಕೇಳುತ್ತೇವೆ. ಕಾಯಿಪಲ್ಯೆಯವನು ಗಾಡಿ ತಳ್ಳುತ್ತಲೇ ತಕ್ಕಡಿ ಎತ್ತುತ್ತಾನೆ, ಕೊಳ್ಳುವವರು ಪಕ್ಕದಲ್ಲಿ ನಡೆಯುತ್ತಲೇ ಬದನೆಕಾಯಿ ಆರಿಸುತ್ತಾರೆ. ಚಪ್ಪಲಿ ಹರಿದರೆ ಅದನ್ನು ಅಲ್ಲೇ ಬಿಟ್ಟು ಮುಂದೆ ಹೋಗುತ್ತೇವೆ. ಮದುವೆಯಾಗಿ ಬಂದ ಹೊಸ ಸೊಸೆಯಂದಿರು ಕೆಲವು ದಿನ ಹೆದರುತ್ತಾರೆ, ಆಮೇಲೆ ಅವರೂ ಹಾದಿಯಲ್ಲಿ ನಡೆಯುತ್ತಲೇ ಚೌಕಾಸಿ ಮಾಡುವುದನ್ನು ಕಲಿಯುತ್ತಾರೆ. ಒಬ್ಬರನ್ನು ಇನ್ನೊಬ್ಬರು ಹೊತ್ತು ಸಾಗಿಸುವಂತೆಯೂ ಇಲ್ಲ. ಇನ್ನೂ ನಡೆಯದ ಕೂಸುಗಳಿಗೆ ಬಾಧೆಯಿಲ್ಲ. ಆದರೆ ಒಮ್ಮೆ ಪಾದ ಬೀದಿಗೆ ತಾಗಿತೆಂದರೆ ಆಮೇಲೆ ಉಸಿರಿರುವವರೆಗೆ ಅವರವರ ಕಾಲಿನಲ್ಲೇ ಅವರವರು ಹೋಗಬೇಕು.

ಹಾಗಾಗಿ ಕಾಲು ಹೋದವರು ನಮ್ಮಲ್ಲಿ ಮನೆಯೊಳಗೇ ಉಳಿಯುತ್ತಾರೆ. ಅವರನ್ನು ಒಳಗಿನವರು ಎನ್ನುತ್ತೇವೆ. ಡಾಕ್ಟರು, ಕ್ಷೌರದವರು, ನೆಂಟರು ಎಲ್ಲರೂ ಅವರ ಬಳಿಗೇ ಬರುತ್ತಾರೆ. ಕಿಟಕಿಯ ಹತ್ತಿರ ಅವರ ಹಾಸಿಗೆ ಇರುತ್ತದೆ. ಅದನ್ನು ಒಪ್ಪಿಕೊಂಡವರಿಗೆ ಅದೊಂದು ಬದುಕೇ. ಒಪ್ಪಿಕೊಳ್ಳದೆ ಹೋದವನು ನಮ್ಮ ಓಣಿಯ ಪತ್ತಾರ ಮೌನೇಶಪ್ಪ. ಲಕ್ವಾ ಹೊಡೆದು ಬಹಳ ಕಾಲವಾದ ಮೇಲೆ, ತನ್ನ ಚಿನ್ನಬೆಳ್ಳಿಯ ಅಂಗಡಿಯನ್ನು ಒಮ್ಮೆ ನೋಡಲೇಬೇಕೆಂದು ಹಟ ಹಿಡಿದ. ಇಬ್ಬರು ಗಂಡುಮಕ್ಕಳು ಆಚೆಯೊಬ್ಬ ಈಚೆಯೊಬ್ಬ ರಟ್ಟೆ ಹಿಡಿದುಕೊಂಡು ಅವನನ್ನು ಬೀದಿಗೆ ಇಳಿಸಿದರು. ಆಗ ನಾನು ಹಿಟ್ಟಿನ ಗಿರಣಿಯ ಕೆಲಸಕ್ಕೆ ಹೊರಟಿದ್ದೆ, ಅವರನ್ನು ದಾಟುತ್ತಿದ್ದೆ. ಅವನ ಬಲಗಾಲು ಎದ್ದು ಮುಂದೆ ಬಂತು, ಎಡಗಾಲಿಗಾಗಿ ಮಕ್ಕಳು ತಮ್ಮ ಕಾಲು ಆಡಿಸುತ್ತಲೇ ಕಾದರು. ನಾನು ದಾಟಿ ಹೊರಳಿ ನೋಡುವಷ್ಟರಲ್ಲಿ ನಡುವೆ ಅವನಿರಲಿಲ್ಲ, ಮಕ್ಕಳಿಬ್ಬರೂ ಬರಿಗೈ ಹಿಡಿದುಕೊಂಡು ನಡೆಯುತ್ತಿದ್ದರು. ನಿಂತು ಅಳುವಂತಿಲ್ಲವಲ್ಲ, ಅವರು ಅಳುತ್ತ ಊರೆಲ್ಲ ಸುತ್ತಿದರು.

ನನ್ನ ಹೆಂಡತಿ ನೀಲವ್ವನ ಕೆಲಸವೇ ನಡೆಯುವುದು. ಬೆಳಿಗ್ಗೆ ಮನೆಮನೆಯ ಮುಂದೆ ಹಾದು ಚಿಕ್ಕಮಕ್ಕಳನ್ನು ಸಾಲಿಗೆ ಸೇರಿಸಿಕೊಂಡು ಶಾಲೆಗೆ ಮುಟ್ಟಿಸುವುದು, ಸಂಜೆ ಒಬ್ಬೊಬ್ಬರನ್ನೇ ಅವರ ಹೊಸ್ತಿಲಿಗೆ ಬಿಡುತ್ತ ಬರುವುದು. ಮಕ್ಕಳು ಸಾಲಿಗೆ ಬಂದು ಸೇರುವಾಗಲೂ ಸಾಲು ನಿಲ್ಲುವಂತಿಲ್ಲ. ಅವಳು ಹಾಡು ಹೇಳುತ್ತಿದ್ದಳು, ಬಯ್ಯುತ್ತಿದ್ದಳು, ಮೂಗು ಒರೆಸುತ್ತಿದ್ದಳು, ಎಲ್ಲವೂ ನಡೆಯುತ್ತಲೇ. ಅವಳ ಸಾಲಿನಿಂದ ಒಂದು ಮಗುವೂ ಕಡಿಮೆಯಾದದ್ದಿಲ್ಲ. ನಮಗೆ ಮಕ್ಕಳಿಲ್ಲ. ಊರಿನ ಅರ್ಧ ಜನ ಅವಳ ಕೈಹಿಡಿದೇ ಬೀದಿ ಕಂಡವರು.

ಅವಳಿಗೆ ಲಕ್ವಾ ಹೊಡೆದದ್ದು ಮನೆಯೊಳಗೆ, ಒಲೆಯ ಮುಂದೆ. ರೊಟ್ಟಿ ಬಡಿಯುವ ಸದ್ದು ತಟ್ಟನೆ ನಿಂತಿತು. ಹೋಗಿ ನೋಡಿದರೆ ಹಿಟ್ಟಿನ ಪರಾತದ ಮೇಲೆ ಎಡಗೈ ಚೆಲ್ಲಿ ವಾಲಿಕೊಂಡಿದ್ದಳು. ಬಾಯಿ ಸೊಟ್ಟಗಾಗಿತ್ತು. ಡಾಕ್ಟರನ್ನು ಕರೆತಂದೆ. ಅವರು ಸೂಜಿ ಕೊಟ್ಟರು, ಗುಳಿಗೆ ಕೊಟ್ಟರು, ಜೀವಕ್ಕೆ ಅಪಾಯವಿಲ್ಲ ಎಂದರು. ಕಾಲಿನ ವಿಷಯ ಕೇಳಿದಾಗ ಕಿಟಕಿಯ ಕಡೆ ನೋಡಿದರು. ಮಾತು ಕೆಲವೇ ವಾರದಲ್ಲಿ ಮರಳಿತು. ಎಡಗೈ ಅಷ್ಟಿಷ್ಟು ಎದ್ದಿತು. ಎಡಗಾಲು ಮಾತ್ರ ನೆನೆದ ಗೋಣಿಚೀಲದ ಹಾಗೆ ಬಿದ್ದಿರುತ್ತಿತ್ತು. ನಿಜ ಹೇಳಬೇಕೆಂದರೆ, ನನಗೆ ದುಃಖದ ಜೊತೆಗೇ ಒಂದು ನೆಮ್ಮದಿಯೂ ಇತ್ತು. ಹೊಡೆತ ಮನೆಯೊಳಗೆ ಬಿತ್ತು. ಇನ್ನು ಮೇಲೆ ಅವಳು ಬೀದಿಗೆ ಇಳಿಯುವುದಿಲ್ಲ, ಬೀದಿ ಅವಳನ್ನು ಮುಟ್ಟುವುದಿಲ್ಲ. ಹಾಸಿಗೆಯನ್ನು ಕಿಟಕಿಗೆ ಸರಿಸಿದೆ. ಅವಳು ಅದನ್ನು ಗೋಡೆಯ ಕಡೆಗೆ ತಿರುಗಿಸಲು ಹೇಳಿದಳು.

ಫಿಲೋಮಿನಾ ಬಂದದ್ದು ಆಗ. ಆಕೆ ಪರವೂರಿನಲ್ಲಿ ಓದಿ ಬಂದ ಫಿಜಿಯೋಥೆರಪಿಯವರು, ನಮ್ಮ ಆಸ್ಪತ್ರೆಗೆ ಹೊಸದಾಗಿ ಬಂದಿದ್ದರು. ಕಾಲಿನ ಡಾಕ್ಟರಮ್ಮ ಎಂದು ಜನ ಕರೆಯುತ್ತಿದ್ದರು. ನೀಲವ್ವ ಶಾಲೆಯ ಶಿಕ್ಷಕಿಯರನ್ನು ಕರೆಯುವ ರೂಢಿಯಲ್ಲಿ ಬಾಯಾರ ಎನ್ನುತ್ತಿದ್ದಳು. ಮೊದಲ ದಿನ ಆಕೆ ಮಾಡಿಸಿದ್ದು ಇಷ್ಟೇ: ಕುರ್ಚಿಯಿಂದ ಏಳುವುದು, ಮತ್ತೆ ಕೂರುವುದು. ನೀಲವ್ವ ಏಳುವಾಗಲೆಲ್ಲ ಗಟ್ಟಿ ಕಾಲಿನ ಮೇಲೇ ಏಳುತ್ತಿದ್ದಳು. ಫಿಲೋಮಿನಾ ಆ ಗಟ್ಟಿ ಕಾಲನ್ನು ಮುಂದಕ್ಕೆ ಸರಿಸಿ, ಸೋತ ಕಾಲನ್ನು ಕುರ್ಚಿಯ ಹತ್ತಿರಕ್ಕೆ ಎಳೆದಿಟ್ಟು, ಈಗ ಏಳಿ ಎಂದರು. ಅವಳು ನಡುಗುತ್ತ ಎದ್ದಳು, ಧೊಪ್ಪನೆ ಕೂತಳು, ಮತ್ತೆ ಎದ್ದಳು. ಸಾಕು ಎಂದು ನಾನು ಎರಡು ಸಲ ಹೇಳಿದೆ. ಇಬ್ಬರೂ ನನ್ನ ಕಡೆ ನೋಡಲಿಲ್ಲ.

ಆಮೇಲೆ ಮೈಭಾರವನ್ನು ಒಂದು ಕಾಲಿನಿಂದ ಇನ್ನೊಂದಕ್ಕೆ ದಾಟಿಸುವುದು. ಮಣೆಯ ಮೇಲೆ ಕಾಲೆತ್ತಿ ಇಡುವುದು. ಗೋಡೆ ಹಿಡಿದು ಪಡಸಾಲೆಯ ಉದ್ದಕ್ಕೂ ನಡೆಯುವುದು. ಪಾದದ ಮುಂತುದಿ ಜೋತುಬಿದ್ದು ನೆಲಕ್ಕೆ ಎಡವುತ್ತಿತ್ತು, ಅದಕ್ಕೊಂದು ಪಟ್ಟಿ ಬಂತು. ಫಿಲೋಮಿನಾ ಚಪ್ಪಾಳೆ ತಟ್ಟುತ್ತಿದ್ದರು, ಆ ತಟ್ಟಿಗೆ ಸರಿಯಾಗಿ ಕಾಲು ಬೀಳಬೇಕು. ನಾನು ನೋಡುತ್ತಿದ್ದದ್ದು ಕಾಲನ್ನಲ್ಲ, ಒಂದು ಹೆಜ್ಜೆಗೂ ಮುಂದಿನ ಹೆಜ್ಜೆಗೂ ನಡುವಿನ ಸಂದನ್ನು. ಬಲಗಾಲು ಇಟ್ಟಾದ ಮೇಲೆ ಎಡಗಾಲು ಏಳುವವರೆಗೆ ಅವಳು ನಿಂತಿರುತ್ತಿದ್ದಳು. ಬೀದಿ ಎಷ್ಟು ಹೊತ್ತು ಸೈರಿಸುತ್ತದೆ ಎಂಬುದು ಯಾರಿಗೂ ಗೊತ್ತಿಲ್ಲ. ಗೊತ್ತಾದವರು ಹೇಳಲು ಉಳಿದಿಲ್ಲ. ಮೌನೇಶಪ್ಪನಿಗೆ ಸಿಕ್ಕದ್ದು ಎಷ್ಟು ಹೊತ್ತು ಎಂದು ನಾನು ಗಿರಣಿಯಲ್ಲಿ ಹಿಟ್ಟು ಬೀಳುವುದನ್ನು ನೋಡುತ್ತ ಲೆಕ್ಕ ಹಾಕುತ್ತಿದ್ದೆ, ಒಂದೊಂದು ದಿನ ಒಂದೊಂದು ಉತ್ತರ ಬರುತ್ತಿತ್ತು.

ನೆಲವೇ ಚಲಿಸುವಂಥ ಒಂದು ಯಂತ್ರ ದೊಡ್ಡ ಆಸ್ಪತ್ರೆಗಳಲ್ಲಿ ಇರುತ್ತದೆ, ಅದರ ಮೇಲೆ ನಡೆದರೆ ಸಂದು ಕಡಿಮೆಯಾಗುತ್ತದೆ ಎಂದು ಫಿಲೋಮಿನಾ ಒಮ್ಮೆ ಹೇಳಿದರು. ಅಂಥದ್ದನ್ನು ಇಲ್ಲಿಗೆ ತರುವುದು ಆಗದ ಮಾತು. ನೀಲವ್ವ ನನ್ನನ್ನು ನೋಡಿದಳು. ಗಿರಣಿಯಲ್ಲಿ ಬದಲಾಯಿಸಿ ಬಿಸಾಡಿದ ಅಗಲದ ಪಟ್ಟಾ ಬಿದ್ದಿತ್ತು. ಎರಡು ಉರುಳೆಗಳಿಗೆ ಅದನ್ನು ಬಿಗಿದು, ಕೆಳಗೆ ಹಲಗೆ ಕೊಟ್ಟು, ಪಕ್ಕದಲ್ಲೊಂದು ಹಿಡಿಕೆ ಕೂರಿಸಿದೆ. ನಾನು ಹಿಡಿಕೆ ತಿರುಗಿಸಿದರೆ ಪಟ್ಟಾ ಹಿಂದಕ್ಕೆ ಸರಿಯುತ್ತಿತ್ತು. ಅವಳು ಬೀಳದಂತೆ ಫಿಲೋಮಿನಾ ದಪ್ಪ ಬಟ್ಟೆಯ ಜೋಲಿಯೊಂದನ್ನು ಅವಳ ಎದೆಗೂ ತೊಡೆಗೂ ಕಟ್ಟಿ, ಅದರ ಹಗ್ಗವನ್ನು ಪಡಸಾಲೆಯ ತೊಲೆಗೆ ಬಿಗಿಸಿದರು. ಅರ್ಧ ಭಾರ ತೊಲೆಗೆ, ಅರ್ಧ ಭಾರ ಕಾಲಿಗೆ. ನೀಲವ್ವ ನಡೆಯತೊಡಗಿದಳು. ನಾನು ಮೆಲ್ಲಗೆ, ಬಹಳ ಮೆಲ್ಲಗೆ ತಿರುಗಿಸಿದೆ. ಜೋರಾಗಿ ಎಂದು ಫಿಲೋಮಿನಾ ಹೇಳಿದಾಗಲೂ ನನ್ನ ಕೈ ಕೇಳುತ್ತಿರಲಿಲ್ಲ. ಅವಳ ಎಡಗಾಲು ತಡವರಿಸಿದ ಕೂಡಲೇ ನಿಲ್ಲಿಸಿಬಿಡುತ್ತಿದ್ದೆ.

ಒಂದು ದಿನ ನೀಲವ್ವನೇ ಕೇಳಿದಳು. "ನೀವು ನನ್ನ ನಡಸಾಕ ತಿರುಗಸ್ತೀರೋ, ನಿಲ್ಸಾಕ ತಿರುಗಸ್ತೀರೋ?"

ನೀನು ಬೀಳಬಾರದು ಅಂತ ಎಂದೆ. ಹಗ್ಗ ಇದೆಯಲ್ಲ ಎಂದಳು. ಹಗ್ಗ ಬೀದಿಯಲ್ಲಿ ಇರುವುದಿಲ್ಲ ಎಂದು ನಾನು ಹೇಳಿದೆ. ಹೇಳಿದ ಮೇಲೆ ತಿಳಿಯಿತು, ಅವಳು ಬೀದಿಗೆ ಇಳಿಯುವ ಮಾತು ನಮ್ಮ ಮನೆಯಲ್ಲಿ ಮೊದಲ ಸಲ ಬಾಯಿಂದ ಹೊರಬಿದ್ದದ್ದು ನನ್ನಿಂದಲೇ. ಮರುದಿನದಿಂದ ಹಿಡಿಕೆಯನ್ನು ಫಿಲೋಮಿನಾ ತಾವೇ ಹಿಡಿದರು.

ಆ ಹಗ್ಗದಿಂದಲೇ ಇನ್ನೊಂದು ಸಂಗತಿ ಹೊರಗೆ ಬಂತು. ನೀಲವ್ವ ನಡೆಯುವಾಗ ತೊಲೆಯಿಂದ ಮಣ್ಣು ಉದುರತೊಡಗಿತು. ಮೊದಲು ಪುಡಿ, ಆಮೇಲೆ ಹೆಂಟೆ. ಹಗ್ಗದ ಜಗ್ಗಾಟಕ್ಕೆ ಎಂದುಕೊಂಡು ಬಿಚ್ಚಿದೆವು. ಬಿಚ್ಚಿದ ಮೇಲೂ ಉದುರಿತು. ಮನೆ ಕಟ್ಟುವ ಗೌಂಡಿಯನ್ನು ಕರೆಸಿದೆ. ಅವನು ತೊಲೆಯನ್ನು ನೋಡಲಿಲ್ಲ, ನೇರವಾಗಿ ಹಿತ್ತಲಿಗೆ ಹೋದ. ನಮ್ಮ ಸಾಲುಮನೆಗಳ ಹಿಂದೆ ಹಳೆಯ ಕಲ್ಲುಗಣಿಯಿದೆ, ನೀರು ತುಂಬಿ ಬಹಳ ಆಳವಾಗಿದೆ. ಅದರ ಅಂಚು ಕುಸಿಯುತ್ತ ನಮ್ಮ ಗೋಡೆಯ ಬುಡಕ್ಕೆ ಬಂದಿತ್ತು. ಹಿಂದಿನ ಗೋಡೆಯಲ್ಲಿ ಬಾಯಿ ಬಿಟ್ಟಿದ್ದ ಬಿರುಕಿನಲ್ಲಿ ಅವನು ತನ್ನ ಅಂಗೈ ತೂರಿಸಿ ತೋರಿಸಿದ. ಇಡೀ ಸಾಲು ಹೋಗುತ್ತದೆ, ಇಂದೋ ನಾಳೆಯೋ ಹೇಳಲಾರೆ, ಲಗೂನೆ ಬಿಡಿ ಎಂದ. ಆಮೇಲೆ ಕಿಟಕಿಯ ಹತ್ತಿರ ಕುರ್ಚಿಯಲ್ಲಿದ್ದ ನೀಲವ್ವನನ್ನು ಕಂಡು ಕೂಲಿಯನ್ನೂ ಕೇಳದೆ ಹೊರಟುಹೋದ.

ನೆರೆಯವರು ಒಬ್ಬೊಬ್ಬರಾಗಿ ಹೋದರು. ಪಾತ್ರೆ, ಕಂಬಳಿ, ಕಾಳಿನ ಚೀಲ ಹೊತ್ತು ಬೀದಿಗೆ ಇಳಿದು ನಡೆದೇಬಿಟ್ಟರು. ಹೋಗುವಾಗ ನಮ್ಮ ಬಾಗಿಲ ಮುಂದೆ ಸುತ್ತು ಹಾಕಿ ಸಾಗುತ್ತಿದ್ದರು. ಸಾಲಿನಲ್ಲಿ ನಾವಿಬ್ಬರೇ ಉಳಿದೆವು. ಹಗಲಲ್ಲಿ ಮನೆ ಸದ್ದು ಮಾಡುತ್ತಿತ್ತು. ಗೋಡೆಯೊಳಗೆ ಯಾರೋ ಹಲ್ಲು ಕಡಿದಂತೆ. ಒಳಗೆ ಇದ್ದರೆ ಗಣಿ, ಹೊರಗೆ ಇಳಿದರೆ ಬೀದಿ. ನನ್ನ ತಮ್ಮ ಈರಪ್ಪನ ಮನೆ ಬೀದಿಯ ಆ ಬದಿಗೆ, ತಿರುವು ದಾಟಿದ ಮೇಲೆ. ನನಗೆ ಅದು ಬೀಡಿ ಹಚ್ಚಿ ಮುಗಿಸುವಷ್ಟು ದೂರವೂ ಅಲ್ಲ. ಆ ದಿನಗಳಲ್ಲಿ ಕಿಟಕಿಯಿಂದ ನೋಡಿದರೆ ಆ ತಿರುವು ನನ್ನಿಂದ ದೂರ ಸರಿಯುತ್ತಿರುವಂತೆ ಕಾಣುತ್ತಿತ್ತು.

ಗೋಡೆಗೆ ಆಸರೆ ಕಂಬ ಕೊಡುತ್ತೇನೆ, ಇನ್ನೂ ಸ್ವಲ್ಪ ದಿನ ತಡೆಯಬಹುದು ಎಂದು ನಾನು ಹೇಳಿದೆ. ಗೋಡೆ ಬಿದ್ದರೂ ಪಡಸಾಲೆ ಉಳಿಯುತ್ತದೆ ಎಂದೆ. ಹೇಳುತ್ತಿದ್ದ ಹಾಗೆಯೇ ಅಡುಗೆಮನೆಯ ಕಡೆ ಹೆಂಚು ಬಿದ್ದು ಒಡೆಯಿತು. ನೀಲವ್ವ ಫಿಲೋಮಿನಾ ಅವರನ್ನು, ನನ್ನಿಂದ ಎಷ್ಟಾಗುತ್ತದೆ, ಮುಚ್ಚುಮರೆ ಮಾಡದೆ ಹೇಳಿ ಎಂದು ಕೇಳಿದಳು.

ಫಿಲೋಮಿನಾ ಹಣೆ ಒರೆಸಿಕೊಂಡರು. "ನಡಿಯೂದು ಆಗ್ತೈತಿ, ನೀಲವ್ವಾರ. ತಿರುಗೂದು ಇನ್ನೂ ಗಟ್ಟಿ ಆಗಿಲ್ಲ. ದಣಿದ್ರ ಬೆರಳು ನೆಲಕ್ಕ ತಾಗ್ತಾವು. ಅದಕ್ಕ ಹೆದರಿ ನಿಂತ್ರ ನಾ ಏನೂ ಮಾಡಾಕ ಆಗೂದಿಲ್ಲ."

ನೀಲವ್ವ ತಲೆಯಾಡಿಸಿದಳು. ಅಂದಿನಿಂದ ಅವರು ತಿರುಗುವುದನ್ನೇ ಹಿಡಿದರು. ದೊಡ್ಡ ಸುತ್ತು, ಸಣ್ಣ ಸುತ್ತು, ಎಡಕ್ಕೆ, ಬಲಕ್ಕೆ, ಕೈಯಲ್ಲಿ ನೀರಿನ ತಂಬಿಗೆ ಹಿಡಿದು, ಮಾತಾಡುತ್ತ, ಮಕ್ಕಳ ಹೆಸರು ಹೇಳುತ್ತ. ಹಿಂದಿನ ಗೋಡೆ ಬಾಗುತ್ತ ಬಂದಂತೆ ನಡೆಯುವ ಜಾಗವೂ ಕಿರಿದಾಯಿತು. ಕಡೆಗೆ ಅವಳು ಮುಂಬಾಗಿಲಿಗೆ ಅಂಟಿಕೊಂಡ ಕೋಣೆಯಲ್ಲೇ, ಗಾಣದ ಎತ್ತಿನ ಹಾಗೆ, ಸುತ್ತುತ್ತಿದ್ದಳು. ನನಗೆ ಅನ್ನ ಸೇರುತ್ತಿರಲಿಲ್ಲ. ಅವಳ ಕಾಲು ಒಂದು ಕ್ಷಣ ತಡೆದರೂ ಕೈಯ ತುತ್ತನ್ನು ತಟ್ಟೆಗೇ ಹಾಕಿಬಿಡುತ್ತಿದ್ದೆ.

ಹೊರಟದ್ದು ಬೆಳಗಿನ ಬಿಸಿಲು ಬೀದಿಗೆ ಇಳಿದ ಮೇಲೆ. ಕಲ್ಲುಗಳ ಮೇಲೆ ತೇವ ಇರಬಾರದೆಂದು ಫಿಲೋಮಿನಾ ಕಾದಿದ್ದರು. ಸುದ್ದಿ ಹಬ್ಬಿತ್ತು. ಬೀದಿಯ ಎರಡೂ ಕಡೆ ಕಿಟಕಿಗಳು ಒಂದೊಂದಾಗಿ ಮುಚ್ಚಿಕೊಂಡವು. ಯಾರಿಗೂ ಅದನ್ನು ಕಣ್ಣಾರೆ ನೋಡುವ ಧೈರ್ಯವಿರಲಿಲ್ಲ, ನಾನು ಅವರದ್ದು ತಪ್ಪು ಅನ್ನುವುದಿಲ್ಲ. ಫಿಲೋಮಿನಾ ಮುಂದೆ ಹೋಗಿ ಈರಪ್ಪನ ಬಾಗಿಲಲ್ಲಿ ಇರುವುದು, ನಾನು ನೀಲವ್ವನ ಎಡಕ್ಕೆ ನಡೆಯುವುದು, ಮುಟ್ಟಬಾರದು, ಹಿಡಿಯಬಾರದು ಎಂದು ಮಾತಾಗಿತ್ತು. ಹಿಡಿದರೆ ಅವಳ ಲಯ ತಪ್ಪುತ್ತದೆ. ನೀಲವ್ವ ಕೋಲು ಹಿಡಿದು ಕೋಣೆಯಲ್ಲಿ ಸುತ್ತು ಹಾಕುತ್ತಲೇ ಇದ್ದಳು. ಒಂದು ಸುತ್ತಿನಲ್ಲಿ, ನಾನು ಸಿದ್ಧವಾಗುವ ಮೊದಲೇ, ಹೊಸ್ತಿಲು ದಾಟಿಬಿಟ್ಟಳು.

ಅವಳು ನಡೆದಳು. ಬಲಗಾಲು, ಕೋಲು, ಎಡಗಾಲು. ಎಡಗಾಲು ಸ್ವಲ್ಪ ಹೊರಗೆ ಬೀಸಿ ಮುಂದೆ ಬರುತ್ತಿತ್ತು. ಬೆರಳು ಕಲ್ಲಿಗೆ ಸವರಿ ಸರ್ ಎನ್ನುತ್ತಿತ್ತು. ಆ ಸದ್ದು ಬಂದಾಗಲೆಲ್ಲ ನನ್ನ ಕೈ ತಾನಾಗಿ ಅವಳ ಕಡೆ ಚಾಚುತ್ತಿತ್ತು, ನಾನು ಅದನ್ನು ಹಿಂದಕ್ಕೆ ಎಳೆದುಕೊಳ್ಳುತ್ತಿದ್ದೆ. ಅವಳ ಕುತ್ತಿಗೆಯಲ್ಲಿ ಬೆವರು ಹರಿಯುತ್ತಿತ್ತು. ಅವಳು ಏನೋ ಗುಣುಗುಟ್ಟುತ್ತಿದ್ದಳು, ಹಾಡೋ ಮಕ್ಕಳ ಹೆಸರೋ ತಿಳಿಯಲಿಲ್ಲ. ಕಾಯಿಪಲ್ಯೆಯವನು ಎದುರಿಗೆ ಬಂದ, ನಮ್ಮನ್ನು ಕಂಡು ಗಾಡಿಯನ್ನು ದೂರಕ್ಕೆ ಹೊರಳಿಸಿಕೊಂಡು ಮುಖ ತಿರುಗಿಸಿ ಹೋದ. ಅರ್ಧ ಬೀದಿ ದಾಟಿದೆವು. ನಡುಬೀದಿಯಲ್ಲಿ ಅವಳ ಮೊಣಕಾಲು ಒಮ್ಮೆ ಹಿಂದಕ್ಕೆ ಸೆಟೆಯಿತು. ನಾನು ಕಣ್ಣು ಮುಚ್ಚಿದೆ. ತೆರೆದಾಗ ಅವಳು ಮುಂದಿನ ಹೆಜ್ಜೆಯಲ್ಲಿದ್ದಳು.

ಆಗ ಹಿಂದೆ ಮನೆ ಬಿತ್ತು. ಒಂದೇ ಸದ್ದಲ್ಲ ಅದು. ಮೊದಲು ತೊಲೆ ಮುರಿದದ್ದು, ಆಮೇಲೆ ಗೋಡೆ, ಆಮೇಲೆ ಗಣಿಯ ನೀರು ಇಡೀ ಮನೆಯನ್ನು ಬಾಯಿಗೆ ಹಾಕಿಕೊಂಡ ಸದ್ದು. ನಾನು ಹೊರಳಿದೆ. ನಮ್ಮ ಬಾಗಿಲ ಚೌಕಟ್ಟು ಒಂದೇ ನಿಂತಿತ್ತು, ಅದರಾಚೆ ಧೂಳು, ಧೂಳಿನಾಚೆ ಏನೂ ಇಲ್ಲ. ನಾವು ಈಗ ತಾನೆ ಅಲ್ಲಿದ್ದೆವು ಎಂದು ಯೋಚಿಸಿದೆ. ಎಷ್ಟು ಹೊತ್ತು ಯೋಚಿಸಿದೆನೋ. ಮುಂದೆ ಹೋಗಬೇಕೆಂದು ಕಾಲೆತ್ತಲು ನೋಡಿದರೆ ಕಾಲು ಇರಲಿಲ್ಲ.

ಕಣ್ಣಿಗೆ ಕಾಣುತ್ತಿತ್ತು. ಚಪ್ಪಲಿ, ಹಿಮ್ಮಡಿ, ಮೀನಖಂಡ ಎಲ್ಲ ಇದ್ದವು, ಆದರೆ ಅವು ಬೇರೆ ಯಾರದ್ದೋ ಆಗಿದ್ದವು. ತಣ್ಣಗಿನದೇನೋ ಪಾದದಿಂದ ಮೊಣಕಾಲಿಗೆ ಏರಿತು, ಏರಿದಷ್ಟು ದೂರ ನಾನು ಇಲ್ಲವಾಗುತ್ತ ಹೋದೆ. ಕೂಗಲು ಬಾಯಿ ತೆರೆದೆ, ದನಿ ಬರಲಿಲ್ಲ. ಚಪ್ಪಲಿಯ ಪಟ್ಟಿಯ ಮೂಲಕ ಕೆಳಗಿನ ಕಲ್ಲು ಮಸುಕಾಗಿ ಕಾಣತೊಡಗಿತ್ತು. ನೀಲವ್ವ ಮುಂದೆ ಹೋಗುತ್ತಿದ್ದಳು, ಹೋಗಲಿ ಎಂದುಕೊಂಡೆ. ತಿರುವಿನವರೆಗೆ ಹೋಗಿ ಮುಟ್ಟಲಿ.

ಅವಳಿಗೆ ನನ್ನ ಹೆಜ್ಜೆಯ ಸದ್ದು ಕೇಳಿಸದೆ ಹೋಗಿರಬೇಕು. ಅವಳು ತಿರುಗಿದಳು. ತಿರುಗುವುದು ಇನ್ನೂ ಗಟ್ಟಿಯಾಗಿಲ್ಲ ಎಂದು ಫಿಲೋಮಿನಾ ಹೇಳಿದ್ದರೂ, ನಡುಬೀದಿಯಲ್ಲಿ, ನಿಲ್ಲದೆ, ದೊಡ್ಡ ಸುತ್ತಿನಲ್ಲಿ ತಿರುಗಿ ನನ್ನ ಕಡೆಗೆ ಬಂದಳು. ಬಂದವಳು ನಿಲ್ಲುವಂತಿರಲಿಲ್ಲ. ನನ್ನ ಸುತ್ತ ಸುತ್ತತೊಡಗಿದಳು. ಎಡಗಾಲು ಎಳೆಯುತ್ತ, ಕೋಲು ಊರುತ್ತ, ಒಂದು ಸುತ್ತು, ಮತ್ತೊಂದು ಸುತ್ತು. ಕೋಲಿನ ತುದಿಯಿಂದ ನನ್ನ ಮೊಣಕಾಲಿಗೆ ತಟ್ಟಿದಳು, ನನಗೆ ತಿಳಿಯಲಿಲ್ಲ.

"ಕೆಳಗ ನೋಡಬ್ಯಾಡ್ರಿ," ಎಂದಳು. ಏದುಸಿರಿನಲ್ಲಿ ಮಾತು ತುಂಡುತುಂಡಾಗಿ ಬರುತ್ತಿತ್ತು. "ನನ್ನ ನೋಡ್ರಿ. ಮೈ ಎಡಕ್ಕ ಬಾಗಸ್ರಿ. ಭಾರ ಎಲ್ಲಾ ಆ ಕಾಲ ಮ್ಯಾಲ ಹಾಕ್ರಿ."

"ಕಾಲ ಇಲ್ಲ, ನೀಲಾ," ಎಂದೆ. ಎಂದೆನೋ, ಎಂದುಕೊಂಡೆನೋ.

ಅವಳು ನನ್ನ ಬೆನ್ನ ಹಿಂದೆ ಹೋದಳು. ಅಲ್ಲಿಂದ ಅವಳ ದನಿ ಬಂತು. "ಇಲ್ಲ ಅನಸ್ತೈತಿ. ಇರ್ತೈತಿ. ಹಾಕ್ರಿ."

ನಾನು ಎಡಕ್ಕೆ ವಾಲಿದೆ. ಬಿದ್ದುಬಿಡುತ್ತೇನೆ ಎಂದೇ ವಾಲಿದೆ. ಬೀಳಲಿಲ್ಲ. ಅಲ್ಲಿ ಏನೋ ನನ್ನನ್ನು ತಡೆಯಿತು, ಅದು ನನ್ನ ಕಾಲೇ. ಎಡಗಾಲು ಭಾರ ಹೊತ್ತ ಕೂಡಲೇ ಬಲಗಾಲು ಹಗುರಾಗಿ ಕಲ್ಲಿನಿಂದ ಕಿತ್ತು ಬಂತು, ಚರ್ಮ ಸುಲಿದಂತೆ ಉರಿಯಿತು. ಒಂದು ಹೆಜ್ಜೆ. ಅವಳು ಸುತ್ತುವುದನ್ನು ಬಿಟ್ಟು ಮುಂದೆ ನಡೆದಳು. ನಾನು ಅವಳ ಕೋಲಿನ ಸದ್ದನ್ನೇ ಹಿಡಿದು ಹಿಂದೆ ನಡೆದೆ. ಈರಪ್ಪನ ಹೊಸ್ತಿಲಲ್ಲಿ ಫಿಲೋಮಿನಾ ಅವಳ ಸೊಂಟಕ್ಕೆ ಕೈ ಕೊಟ್ಟು ಒಳಗೆ ಎಳೆದುಕೊಂಡರು. ನನ್ನನ್ನು ಈರಪ್ಪ ಎಳೆದ. ನೀಲವ್ವ ನೆಲಕ್ಕೆ ಕುಸಿದು ಕೂತಳು. ಆಮೇಲೆ ನೀರು ಕೇಳಿದಳು.

ನನ್ನ ಕಾಲುಗಳಿಗೆ ಏನೂ ಆಗಿಲ್ಲ ಎಂದು ಡಾಕ್ಟರು ಹೇಳಿದರು. ಫಿಲೋಮಿನಾ ಸೂಜಿಯ ತುದಿ ತಾಗಿಸಿ, ಬೆರಳು ಆಡಿಸಿ ನೋಡಿ ಅದನ್ನೇ ಹೇಳಿದರು. ಮನೆಯೊಳಗೆ ನಾನು ಸರಿಯಾಗಿ ನಡೆಯುತ್ತೇನೆ. ಬಾಗಿಲಿಗೆ ಹೋದರೆ ಮಾತ್ರ ಪಾದಕ್ಕೆ ಆ ತಣ್ಣಗಿನದು ಏರುತ್ತದೆ, ಮೊಣಕಾಲು ಮರವಾಗುತ್ತದೆ. ಗಿರಣಿಗೆ ಹೋಗುವುದು ನಿಂತಿತು. ಈರಪ್ಪ ನನ್ನ ಹಾಸಿಗೆಯನ್ನು, ಕೇಳದೆಯೇ, ಕಿಟಕಿಯ ಹತ್ತಿರ ಹಾಕಿಸಿದ. ನೀಲವ್ವ ಮಾತ್ರ ಮೊದಲು ಬಾಗಿಲ ಮುಂದೆ ನಾಲ್ಕು ಹೆಜ್ಜೆ, ಆಮೇಲೆ ತಿರುವಿನವರೆಗೆ, ಆಮೇಲೆ ಶಾಲೆಯವರೆಗೆ ಹೋಗಿಬರತೊಡಗಿದಳು. ಅವಳು ಹೊರಗಿರುವಷ್ಟು ಹೊತ್ತು ನಾನು ಕಿಟಕಿಯ ಸರಳು ಹಿಡಿದು ಕೂರುತ್ತಿದ್ದೆ. ಸರಳಿನ ತುಕ್ಕು ಅಂಗೈಗೆ ಹತ್ತಿ ತೊಳೆದರೂ ಹೋಗುತ್ತಿರಲಿಲ್ಲ.

ಅವಳು ನನಗೆ ಬಾ ಎನ್ನಲಿಲ್ಲ, ಹೆದರಬೇಡ ಎನ್ನಲಿಲ್ಲ. ಒಂದು ಮಧ್ಯಾಹ್ನ ಶಾಲೆಯಿಂದ ಬಂದವಳು ಒಳಗೆ ಬರದೆ ಬಾಗಿಲ ಮುಂದೆಯೇ ಹಾದುಹೋದಳು. ತಿರುಗಿ ಬಂದು ಮತ್ತೆ ಹಾದುಹೋದಳು. ಏನು ಎಂದು ಕಿಟಕಿಯಿಂದ ಕೇಳಿದೆ. ಕಾಯುತ್ತಿದ್ದೇನೆ ಎಂದಳು. ಈರಪ್ಪನ ಹೆಂಡತಿ ಒಳಗೆ ಬರುವಂತೆ ಕರೆದಳು. ನೀಲವ್ವ ಕಿವಿಗೆ ಹಾಕಿಕೊಳ್ಳಲಿಲ್ಲ. ಬಿಸಿಲು ಚುರುಕಾಗಿತ್ತು. ಅತ್ತ ಹೋಗುವಾಗ ಅವಳ ಬೆನ್ನು, ಇತ್ತ ಬರುವಾಗ ಅವಳ ಮುಖ. ಬರಬರುತ್ತ ಮುಖ ಕೆಂಪಾಯಿತು. ಆಮೇಲೆ ಎಡಗಾಲಿನ ಬೆರಳು ಕಲ್ಲಿಗೆ ಸವರುವ ಸದ್ದು ಕೇಳಿಸಿತು.

ಒಳಗೆ ಬಾ, ನಿನಗೆ ಹುಚ್ಚು ಹಿಡಿದಿದೆಯೇ ಎಂದು ಕೂಗಿದೆ. ಅವಳು ತಿರುಗುತ್ತಿದ್ದಳು. ಅರ್ಧ ತಿರುಗಿದಾಗ ಅವಳ ಕಾಲು ತಡೆಯಿತು. ಒಂದು ಉಸಿರಿನಷ್ಟು. ಮತ್ತೆ ಎದ್ದಿತು.

ನಾನು ಬಾಗಿಲಿಗೆ ಹೋದೆ. ತಣ್ಣಗಿನದು ಏರಿತು, ಮೊಣಕಾಲು ಮರವಾಯಿತು. ಆ ಮರದ ಮೇಲೇ ಭಾರ ಹಾಕಿ ಹೊಸ್ತಿಲಿನಾಚೆ ಕಾಲಿಟ್ಟೆ. ಕಲ್ಲು ಕಾದಿತ್ತು, ಅದರ ಬಿಸಿ ಅಂಗಾಲಿಗೆ ತಿಳಿಯಿತು. ನೀಲವ್ವ ನನ್ನ ಪಕ್ಕಕ್ಕೆ ಬಂದು ಸೇರಿಕೊಂಡಳು.

"ಲಗೂ ಒಂದು ಸುತ್ತು ಹಾಕಿ ಒಳಗ ಹೋಗೂಣ್ರಿ," ಎಂದಳು, "ನನ್ನ ಕಾಲು ಸೋತೈತಿ."